ಕಸದೊಳಗಿನ ದನಿ

“ಸಾರ್, ಆ ಕೀಗೊಂಚಲು ಕೆಳಗಿಡ್ತೀರಾ? ಇಲ್ಲಾಂದ್ರೆ ನಂಗೆ ಹುಚ್ಚು ಹಿಡಿಯತ್ತೆ.”

ಪತ್ತೇದಾರ ಪೆಚ್ಚಾಗಿ ಕೀಗೊಂಚಲನ್ನು ಜೇಬಿಗಿಳಿಸಿದ. ತಾನು ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು ಝಣಗುಟ್ಟಿಸುತ್ತಿದ್ದೇನೆ ಎಂಬ ಪರಿವೆಯೇ ಅವನಿಗಿರಲಿಲ್ಲ. ಎದುರಿಗೆ ಕುಳಿತಿದ್ದವನು ಸೌಂಡ್ ಎಂಜಿನಿಯರ್. ಹಾಡುವವರು ಬಾರಿಸುವವರೆಲ್ಲ ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಪಕ್ಕದ ಕಟ್ಟಡದಲ್ಲಿ ನಲ್ಲಿ ತೊಟ್ಟಿಕ್ಕಿದರೂ ಕೆಲಸ ನಿಲ್ಲಿಸಿ ಎದ್ದು ಹೋಗುವ ಆಸಾಮಿ. ಪತ್ತೇದಾರನಿಗೋ ಸಂಗೀತದ ಗಂಧಗಾಳಿ ಇಲ್ಲ. ಈ ಕೇಸು ಯಾಕಾದರೂ ಒಪ್ಪಿಕೊಂಡೆನೋ ಎಂದು ಅವನು ಬೆಳಗಿನಿಂದ ತನ್ನನ್ನೇ ಶಪಿಸಿಕೊಳ್ಳುತ್ತಿದ್ದ.

ಬಿಡುಗಡೆಯ ಮೊದಲೇ ಇಡೀ ಆಲ್ಬಂ ಅಂತರ್ಜಾಲಕ್ಕೆ ಸೋರಿಹೋಗಿತ್ತು. ಸೋರಿಸಿದವರ ಹೆಸರನ್ನು ಇವತ್ತು ಸಂಜೆಯೊಳಗೆ ಆಲ್ಬಂ ತರುತ್ತಿದ್ದ ಕಂಪನಿಗೆ ಒಪ್ಪಿಸಬೇಕಿತ್ತು.

“ಇನ್ನೊಂದ್ಸಲ ಹೇಳು. ಯಾರ್‍ಯಾರಿಗೆ ಕೊಟ್ಟಿದ್ದೆ?”

“ಹಾಡಿರೋ ಅಕ್ಕನಿಗೊಂದು, ಅವಳ ತಮ್ಮನಿಗೊಂದು, ಕಂಪನಿ ಯಜಮಾನರಿಗೊಂದು. ಪ್ರತಿಯೊಂದಕ್ಕೂ ಗುರುತಿದೆ ಸಾರ್. ಕೊನೇ ಹಾಡಿನ ಮುಂಚೆ ಒಬ್ಬೊಬ್ಬರಿಗೆ ಒಂದೊಂದು ಅಳತೆ ಮೌನ ಬಿಟ್ಟಿದ್ದೀನಿ. ಕದ್ದಿದ್ದು ಯಾರ ಪ್ರತಿ ಅಂತ ಕೇಳಿದ ತಕ್ಷಣ ಹೇಳಬಲ್ಲೆ.”

“ಹೇಳು ಮತ್ತೆ.”

“ಅದೇ ಆಗ್ತಿಲ್ಲ.” ಕಿವಿಯಣ್ಣ ತಲೆ ಕೆರೆದುಕೊಂಡ. “ಸೋರಿರೋದ್ರಲ್ಲಿ ಎಲ್ಲಾ ಹಾಡಿನ ನಡುವೆಯೂ ಒಂದೇ ಅಳತೆ ಮೌನ. ಯಾರೋ ಕೂತ್ಕೊಂಡು ಚೊಕ್ಕ ಮಾಡಿದ್ದಾರೆ. ಮೇಲಾಗಿ ಶಬ್ದ ಮಂಕು. ಹಾಡಿನ ಮೇಲೆ ಕಂಬಳಿ ಹೊದಿಸಿದ ಹಾಗಿದೆ.”

ಪತ್ತೇದಾರನಿಗೆ ಮಂಕು ಚುರುಕು ಎಲ್ಲ ಒಂದೇ. ಆದರೆ ಚೊಕ್ಕ ಮಾಡುವ ಕಳ್ಳ ಎಂದಾಗ ಅವನ ಕಿವಿ ನೆಟ್ಟಗಾಯಿತು. ಇಷ್ಟು ವರ್ಷದ ಕಸುಬಿನಲ್ಲಿ ಮನೆ ದೋಚಿ, ಹೋಗುವ ಮುನ್ನ ನೆಲ ಗುಡಿಸಿಟ್ಟ ಕಳ್ಳನನ್ನು ಅವನು ಕಂಡಿರಲಿಲ್ಲ.

ಗೋಡೆಗೆ ಒತ್ತಿಟ್ಟ ಸೋಫಾದ ತುದಿಯಲ್ಲಿ ಗಾಯಕಿ ಕುಳಿತಿದ್ದಳು. ಅವಳಿಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಎದ್ದು ಕಿಟಕಿಗೆ ಹೋಗುವುದು, ಬರುವುದು, ಫೋನು ನೋಡುವುದು. ಅಷ್ಟರಲ್ಲಿ ಅದು ಗುಣುಗುಟ್ಟಿತು. ಅವಳು ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು.

“ಏನಮ್ಮಾ, ಹೆಸರು ಸಿಕ್ತಾ?” ಕಂಪನಿಯ ಯಜಮಾನರ ದನಿ ಬೆಣ್ಣೆಯಷ್ಟು ಮೆತ್ತಗಿತ್ತು. “ನಂಗೇನೂ ಇದರಲ್ಲಿ ಖುಷಿ ಇಲ್ಲ. ನಿನ್ನನ್ನ ತೊಟ್ಟಿಲಲ್ಲಿ ನೋಡಿದೋನು ನಾನು. ನಿಮ್ಮಮ್ಮನ ಮೊದಲನೇ ಕ್ಯಾಸೆಟ್ಟು ತಂದೋನೂ ನಾನೇ.” ಟಕ್, ಟಕ್. “ಆದ್ರೆ ಕರಾರು ಕರಾರೇ, ಸೋರಿದ್ರೆ ಹೊಣೆ ನಿಂದು. ಒಳಗಿನವರು ಯಾರು ಅಂತ ನೀನೇ ಹೇಳಿ ಅವರನ್ನ ತಂಡದಿಂದ ಹೊರಗೆ ಹಾಕಿದ್ರೆ, ಆಲ್ಬಂ ನಿಂದು.” ಟಕ್. “ಇಲ್ಲಾಂದ್ರೆ ಹಾಡುಗಳೆಲ್ಲ ಕಂಪನಿಗೆ. ಸಂಜೆ ಆಫೀಸು ಮುಚ್ಚೋದ್ರೊಳಗೆ, ಆಯ್ತಾ ಪುಟ್ಟಾ?”

ಫೋನು ಕಟ್ಟಾಯಿತು. ಕಿವಿಯಣ್ಣ ಹಲ್ಲುನೋವು ಬಂದವನ ಹಾಗೆ ಮುಖ ಹಿಂಡಿದ.

“ನಿಮ್ದು ಕೀಗೊಂಚಲು, ಇವರದ್ದು ಬಾಲ್‌ಪೆನ್ನು. ನನ್ನ ಆಯಸ್ಸು ಮುಗಿಸೋಕೆ ಎಲ್ಲರೂ ಸೇರ್ಕೊಂಡಿದ್ದೀರಾ.”

ಗಾಯಕಿ ತನ್ನ ಫೋನನ್ನು ಪತ್ತೇದಾರನ ಮುಂದೆ ಹಿಡಿದಳು. ತಮ್ಮನಿಂದ ಬಂದ ಸಂದೇಶ: ‘ಅಕ್ಕ, ನನ್ನ ಹೆಸರೇ ಕೊಡು. ಮುಗಿದುಹೋಗ್ಲಿ.’ ಅದರ ಮೇಲೆ ಮತ್ತೆ ಮತ್ತೆ ಅವಳು ಕೇಳಿದ್ದ ಒಂದೇ ಪ್ರಶ್ನೆ: ‘ನೀನೇನಾ?’ ಅದಕ್ಕೆ ಉತ್ತರವಿರಲಿಲ್ಲ.

ತಮ್ಮ ಡ್ರಮ್ ಬಾರಿಸುವವನು. ಹೋದ ಕಾರ್ಯಕ್ರಮದಲ್ಲಿ ಕೋಲು ಕೆಳಗಿಟ್ಟು, ಮೈಕು ಕಿತ್ತುಕೊಂಡು, ‘ಕೊಳ್ಳೋರು ಕೊಳ್ಳಿ, ಆಗದೇ ಇರೋರು ಹಂಚ್ಕೊಳ್ಳಿ, ಒಟ್ನಲ್ಲಿ ಕೇಳಿ’ ಎಂದು ಜನರಿಂದ ಶಿಳ್ಳೆ ಹೊಡೆಸಿಕೊಂಡಿದ್ದ. ಈಗ ಎಲ್ಲರ ಬೆರಳೂ ಅವನ ಕಡೆಗೇ ತಿರುಗಿತ್ತು.

“ಅವನು ಮಾಡಿಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು, ನಂಬ್ತಿದ್ದೆ. ಹೇಳ್ತಿಲ್ಲ.” ಗಾಯಕಿ ಫೋನು ಹಿಂದಕ್ಕೆಳೆದುಕೊಂಡಳು. “ಚಿಕ್ಕವರಿದ್ದಾಗ ಅವನು ಅಡುಗೆಮನೆ ಪಾತ್ರೆ ಬಾರಿಸ್ತಿದ್ದ, ನಾನು ಹಾಡ್ತಿದ್ದೆ. ಹಿಂದೆ ಅವನು ಇಲ್ಲದೆ ನಾನು ಯಾವತ್ತೂ ಹಾಡಿಲ್ಲ. ಅವನ ಹೆಸರನ್ನ ನನ್ನ ಬಾಯಿಂದ ಹೇಳಬೇಕಾ ಸಾರ್?”

ಪತ್ತೇದಾರನ ಕೈ ತಾನಾಗಿ ಜೇಬಿನೊಳಗಿನ ಕೀಗೊಂಚಲು ಹುಡುಕಿತು.

“ಕಿವಿಯಣ್ಣ, ಈ ಚೊಕ್ಕ ಮಾಡೋ ಕೆಲಸ ಯಾರದ್ದು? ನಿನ್ನ ಕಿವಿ ಏನು ಹೇಳತ್ತೆ?”

“ಹೇಳೋಕೆ ಮನಸ್ಸಿಲ್ಲ ಸಾರ್. ಒಳ್ಳೇ ಮನುಷ್ಯ.” ಕಿವಿಯಣ್ಣ ಕುತ್ತಿಗೆಯ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ. “ಭಂಡಾರಿ.”

ಭಂಡಾರಿ ಯಾರು ಎಂದು ತಿಳಿಯಲು ಪತ್ತೇದಾರ ದೂರ ಹೋಗಬೇಕಿರಲಿಲ್ಲ. ಮೆಟ್ಟಿಲಿಗೆ ಬಂದು ಹೆಂಡತಿಗೆ ಫೋನು ಹಚ್ಚಿದ. ಹೆಂಡತಿ ದಂತವೈದ್ಯೆ, ಈ ತಂಡದ ಕಟ್ಟಾ ಅಭಿಮಾನಿ. ಗಂಡನನ್ನು ಅವಳು ಒಂದೇ ಒಂದು ಸಲ ಸಂಗೀತ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಅವನು ಗೊರಕೆ ಹೊಡೆದ ಮೇಲೆ ಆ ಮಾತೇ ಎತ್ತಿರಲಿಲ್ಲ.

“ಬೇಗ ಹೇಳಿ, ಒಬ್ಬರ ಬಾಯಿ ತೆಗೆಸಿ ಕೂರಿಸಿದ್ದೀನಿ.”

“ಭಂಡಾರಿ ಅಂದ್ರೆ ಯಾರೇ?”

“ಅಯ್ಯೋ, ನಮ್ಮ ಭಂಡಾರಿ! ಕನ್ನಡಕದ ಅಂಗಡಿಯವನು. ಪ್ರತಿ ಕಾರ್ಯಕ್ರಮದಲ್ಲೂ ಮುಂದೆ ಕೂತು ರೆಕಾರ್ಡ್ ಮಾಡ್ತಾನೆ. ಮನೆಗೆ ಹೋಗಿ ಕೆಮ್ಮು, ಚಪ್ಪಾಳೆ, ಮಗು ಅತ್ತಿದ್ದು ಎಲ್ಲ ತೆಗೆದು ತೊಳೆದು ನಮಗೆಲ್ಲ ಹಂಚ್ತಾನೆ. ಬಿಟ್ಟಿ. ಆದ್ರೆ ಅಂಗಡೀಲಿ ಮಾರೋ ಹಾಡು ಯಾರಾದ್ರೂ ಹಂಚಿದ್ರೋ, ಗುಂಪಿನಿಂದ ಒದ್ದು ಓಡಿಸ್ತಾನೆ. ಬಲು ಶಿಸ್ತು. ತೆಗೆದ ಕಸವನ್ನೂ ಎಸೆಯೋನಲ್ಲ, ಬೇರೆ ಫೈಲ್ ಮಾಡಿ ಇಡ್ತಾನಂತೆ. ಕಸದ ಜತೆ ಎಲ್ಲಾದ್ರೂ ಹಾಡೂ ಹೋಗಿಬಿಟ್ಟಿದ್ರೆ ಅಂತ ಭಯ.”

“ನೀನು ಆ ಸೋರಿದ ಆಲ್ಬಂ...”

ಆ ಕಡೆ ಯಾರದೋ ಬಾಯಲ್ಲಿ ನೀರು ಎಳೆಯುವ ಯಂತ್ರದ ಗೊರಗೊರ ಮಾತ್ರ ಕೇಳುತ್ತಿತ್ತು.

“ಇಳಿಸ್ಕೊಂಡೆ. ಮೊದಲನೇ ದಿನಾನೇ. ಏನೀಗ? ಬಿಡುಗಡೆ ಆದ್ಮೇಲೆ ಕೊಂಡ್ಕೊಳ್ತೀನಿ. ಟಿಕೆಟ್ಟಿಗೆ, ಟೀ ಶರ್ಟಿಗೆ ನಾನು ಸುರಿದಷ್ಟು ಯಾರೂ ಸುರಿದಿಲ್ಲ.”

“ಕಳ್ಳಮಾಲು ಕಣೇ ಅದು! ನಾನು ಹಿಡಿಯೋಕೆ ಹೊರಟಿರೋ ಕಳ್ಳಮಾಲು!”

“ಹಿಡೀರಿ ಯಾರು ಬೇಡ ಅಂದ್ರು. ಕೊನೇ ಹಾಡು ಕೇಳಿ ಅತ್ತುಬಿಟ್ಟೆ ಗೊತ್ತಾ? ನಿಮಗೆ ಹೇಳಿ ಏನು ಬಂತು.” ಫೋನು ಇಟ್ಟಳು.

ಪತ್ತೇದಾರ ಗಾಯಕಿಯನ್ನು ಕರೆದುಕೊಂಡು ಕೆಳಗಿಳಿದು ಬೀದಿಗೆ ಬಂದರೆ ಔಷಧಿ ಅಂಗಡಿಯ ಹುಡುಗಿ ಅದೇ ಹಾಡು ಗುನುಗುತ್ತಿದ್ದಳು. ಕ್ಷೌರದಂಗಡಿಯ ರೇಡಿಯೋ ಪಕ್ಕದ ಫೋನಿನಲ್ಲೂ ಅದೇ. ಇನ್ನೂ ಹುಟ್ಟದ ಹಾಡು ಊರೆಲ್ಲ ಓಡಾಡುತ್ತಿತ್ತು. ಅವನಿಗೆ ರಾಗ ತಿಳಿಯದಿದ್ದರೂ ಹೆಂಡತಿ ಸ್ನಾನಕ್ಕೆ ಹೋದಾಗಲೆಲ್ಲ ಹಾಡಿ ಹಾಡಿ ಮಾತುಗಳು ಬಾಯಿಗೆ ಬಂದಿದ್ದವು.

ಗಾಯಕಿಯ ತಾಯಿ ಕಟ್ಟಡದ ಮುಂದೆ ಹಳೆಯ ಕಾರಿನಲ್ಲಿ ಕಾಯುತ್ತಿದ್ದರು. ಬಣ್ಣ ಮಾಸಿದ, ಬಾಗಿಲು ಎತ್ತಿ ಹಾಕಬೇಕಾದ ಕಾರು. ಮಗಳನ್ನು ಎಲ್ಲಿಗೇ ಆಗಲಿ ಅವರೇ ಕರೆದೊಯ್ಯುವುದು. ಪತ್ತೇದಾರ ಹಿಂದೆ, ಗಾಯಕಿ ಮುಂದೆ ಕುಳಿತರು. ಕನ್ನಡಕದ ಅಂಗಡಿ ಎಂದಾಗ ತಾಯಿ ಯಾಕೆ ಎಂದು ಕೇಳಲಿಲ್ಲ.

ಮೊದಲ ತಿರುವಿನಲ್ಲಿ ಇಂಡಿಕೇಟರ್ ಹಾಕಿದರು. ಟಕಟಕಟಕಟಕ ಎಂದು ಅದು ಅವಸರವಸರವಾಗಿ ಬಡಿದುಕೊಂಡಿತು.

“ಒಂದು ಬಲ್ಬು ಸುಟ್ಟಿದೆ ದೊಡ್ಡಮ್ಮ. ಅದಕ್ಕೇ ಇಷ್ಟು ಜೋರಾಗಿ ಹೊಡ್ಕೊಳ್ತಿದೆ,” ಎಂದ ಪತ್ತೇದಾರ. ಕಾರಿನ ವಿಷಯದಲ್ಲಿ ಅವನ ಕಿವಿ ಕಿವಿಯಣ್ಣನಿಗೇನೂ ಕಡಿಮೆ ಇರಲಿಲ್ಲ.

“ಗೊತ್ತು. ಬಹಳ ದಿನ ಆಯ್ತು. ಹಾಕಿಸ್ಬೇಕು.”

ಅವನ ಕಣ್ಣು ಕಾರಿನ ಪ್ಲೇಯರಿನ ಮೇಲೆ ಬಿತ್ತು. ಅದರ ಬಾಯಲ್ಲಿ ಪೆನ್‌ಡ್ರೈವ್ ಒಂದು ಸಿಕ್ಕಿಕೊಂಡಿತ್ತು.

“ಇದೇನಿದು?”

“ಕಿವಿಯಣ್ಣಂದು,” ಎಂದಳು ಗಾಯಕಿ. “ಯಾವ ಹಾಡು ಮುಗಿಸಿದ್ರೂ ತಂದು ಈ ಕಾರಲ್ಲಿ ಹಾಕಿ ಕೇಳ್ತಾನೆ. ಇಷ್ಟು ಕೆಟ್ಟ ಸ್ಪೀಕರು ಎಲ್ಲೂ ಸಿಗಲ್ಲವಂತೆ. ಇದರಲ್ಲಿ ಚೆನ್ನಾಗಿ ಕೇಳಿದ್ರೆ ಎಲ್ಲಾ ಕಡೆ ಚೆನ್ನಾಗಿ ಕೇಳತ್ತಂತೆ.”

ಪತ್ತೇದಾರ ಅಲ್ಲಿಂದಲೇ ಕಿವಿಯಣ್ಣನಿಗೆ ಫೋನು ಮಾಡಿದ. “ಕಾರಿನ ಪ್ರತಿಗೆ ಗುರುತು ಹಾಕಿದ್ದೀಯಾ?”

“ಕಾರಿಗಾ?” ಕಿವಿಯಣ್ಣನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಕಾರಿಗೆ ಯಾಕೆ ಸಾರ್ ಗುರುತು? ಕಾರು ಹೋಗಿ ಯಾರಿಗೆ ಹೇಳತ್ತೆ?” ಆಮೇಲೆ ಅವನು ಕುರ್ಚಿಯಿಂದ ಎದ್ದ ಸದ್ದು ಫೋನಿನಲ್ಲೇ ಕೇಳಿಸಿತು. “ಅಯ್ಯೋ ದೇವ್ರೇ. ಎಲ್ಲಾ ಮನುಷ್ಯರನ್ನ ಲೆಕ್ಕ ಹಾಕಿದೆ. ಕಾರು ಬಿಟ್ಟೆ.”

ಹಾಡು ಮುಗಿಸಿದವನಿಗೆ ಕಾರು ಅಂದರೆ ಇನ್ನೊಂದು ಜೊತೆ ಸ್ಪೀಕರು, ಅಷ್ಟೇ. ಅದು ಬೀದಿಯಲ್ಲಿ ನಿಲ್ಲುತ್ತದೆ, ಅದರೊಳಗೆ ಜನ ಹತ್ತುತ್ತಾರೆ ಇಳಿಯುತ್ತಾರೆ ಎಂಬುದು ಅವನ ತಲೆಗೆ ಹೊಳೆದೇ ಇರಲಿಲ್ಲ. ಪತ್ತೇದಾರನಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ.

“ಹಾಡು ಹಾಕಿದಾಗ ನಾನು ಇಳಿದು ದೂರ ನಿಂತ್ಕೊಳ್ತೀನಿ,” ಎಂದರು ತಾಯಿ, ಯಾರೂ ಕೇಳದೆಯೇ. “ಇವಳಿಗೆ ಗೊತ್ತು. ನಂಗೆ ಹಾಡಿನ ಸಹವಾಸ ಬೇಡ.”

“ಅಮ್ಮ ಹಾಡೋದು ಬಿಟ್ಟು ನನ್ನ ವಯಸ್ಸಿನಷ್ಟು ವರ್ಷ ಆಯ್ತು,” ಎಂದಳು ಮಗಳು.

“ಕ್ಯಾಸೆಟ್ಟಿನ ಕಾಲ. ಬಸ್ಸಲ್ಲಿ ನನ್ನ ಹಾಡು, ಹೋಟ್ಲಲ್ಲಿ ನನ್ನ ಹಾಡು, ಮದುವೆ ಮನೇಲಿ ನನ್ನ ಹಾಡು. ಅಂಗಡಿಗೆ ಹೋಗಿ ಕೇಳಿದ್ರೆ ಎಲ್ಲಾ ನಕಲು.” ತಾಯಿ ಗೇರು ಬದಲಿಸಿದರು, ಕಾರು ನರಳಿತು. “ಕಂಪನಿಯವರು, ನಿಮ್ಮದು ಮಾರಾಟವೇ ಆಗ್ಲಿಲ್ಲ ಅಂದ್ರು. ಊರೆಲ್ಲ ಹಾಡ್ತಿತ್ತು ನೋಡಿ, ಕೊಂಡೋರು ಒಬ್ಬರೂ ಇಲ್ಲ. ಇವಳಿಗೆ ಹೇಳಿದ್ದೀನಿ, ಹಾಡನ್ನ ಬೀಗ ಹಾಕಿ ಇಟ್ಕೋ ಅಂತ. ಇವಳ ತಮ್ಮನಿಗೆ ಹೇಳಿದ್ರೆ ನಗ್ತಾನೆ. ಹಾಡಿಗೆ ಯಾವ ಬೀಗ ಅಮ್ಮ ಅಂತಾನೆ.”

ಅವರ ದನಿಯಲ್ಲಿ ಕೋಪವಿತ್ತು. ಆದರೆ ಕೊನೆಯ ಮಾತು ಹೇಳುವಾಗ ಮಾತ್ರ ಅದು ಕೋಪದಂತೆ ಕೇಳಲಿಲ್ಲ.

ಕನ್ನಡಕದ ಅಂಗಡಿಯ ಮುಂದೆ ಕಾರು ನಿಲ್ಲಿಸಲು ಜಾಗವಿರಲಿಲ್ಲ. ತಾಯಿ ರಸ್ತೆಯ ಅಂಚಿಗೆ ಗಾಡಿ ಒತ್ತಿಸಿ, ನೀವು ಹೋಗಿ ಬನ್ನಿ ಎಂದು ಸ್ಟೇರಿಂಗಿನ ಮೇಲೆ ಕೈಯಿಟ್ಟು ಕುಳಿತರು.

ಒಳಗೆ ಗೋಡೆ ತುಂಬ ಕನ್ನಡಕಗಳು. ಹೋದವರನ್ನೆಲ್ಲ ಅವು ದಿಟ್ಟಿಸುತ್ತಿದ್ದವು. ಭಂಡಾರಿ ನಡುವಯಸ್ಸಿನ, ಬೋಳುತಲೆಯ, ಅಂಗಿಯ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡ ಮನುಷ್ಯ. ಕನ್ನಡಕದ ಕಿವಿಕಡ್ಡಿಗೆ ಸ್ಕ್ರೂ ಬಿಗಿಯುತ್ತಿದ್ದವನು ತಲೆಯೆತ್ತಿ ಗಾಯಕಿಯನ್ನು ಕಂಡದ್ದೇ ತಡ, ಸ್ಕ್ರೂ ಕೈಜಾರಿ ನೆಲದಲ್ಲಿ ಎಲ್ಲೋ ಉರುಳಿತು.

“ಮೇಡಂ! ನೀವು? ಇಲ್ಲಿ? ಕೂತ್ಕೊಳ್ಳಿ. ಕುರ್ಚಿ... ಒಂದು ನಿಮಿಷ, ಒರೆಸ್ತೀನಿ.”

“ಕುರ್ಚಿ ಬೇಡ,” ಎಂದ ಪತ್ತೇದಾರ. “ಆಲ್ಬಂ ತೊಳೆದೋರು ನೀವೇ ತಾನೇ?”

“ಯಾವ ಆಲ್ಬಂ?”

“ಎಲ್ಲಾ ಹಾಡಿನ ನಡುವೆ ಒಂದೇ ಅಳತೆ ಮೌನ. ನಿಮ್ಮ ಪೊರಕೆ ಅಂತ ಕಿವಿಯಣ್ಣ ಒಂದೇ ಸಲಕ್ಕೆ ಗುರುತು ಹಿಡಿದ.”

ಹೊಗಳಿಕೆಯೋ ಆರೋಪವೋ ತಿಳಿಯದೆ ಭಂಡಾರಿಯ ಮುಖ ಒಂದು ಕ್ಷಣ ಅರಳಿತು, ಮರುಕ್ಷಣ ಬಿಳಿಚಿಕೊಂಡಿತು. ಹೋಗಿ ಅಂಗಡಿಯ ಬಾಗಿಲು ಮುಂದೆ ಮಾಡಿ ಬಂದ.

“ತೊಳೆದೋನು ನಾನು. ಹಾಕಿದೋನು ನಾನಲ್ಲ ಸಾರ್. ಹಾಕಿದೋನು ನಾನಲ್ಲ.”

“ಯಾರು ಕಳಿಸಿದ್ದು?”

“ಗುಂಪಿಗೆ ಹೊಸಬರು. ‘ಹಳೇ ಅಭಿಮಾನಿ’ ಅಂತ ಹೆಸರಿಟ್ಕೊಂಡಿದ್ರು. ರಿಹರ್ಸಲ್ ಹಾಡುಗಳು, ಕಾರಲ್ಲಿ ಕೇಳ್ತಾ ಫೋನಲ್ಲಿ ಹಿಡಿದಿದ್ದು, ಸದ್ದು ಗದ್ದಲ ಇದೆ, ತೆಗೆದುಕೊಡಿ ಅಂದ್ರು. ತೆಗೆದು ವಾಪಸ್ ಕಳಿಸ್ದೆ. ಎರಡನೇ ದಿನ ನೋಡಿದ್ರೆ ಹಂಚೋ ಸೈಟಲ್ಲಿ ಆಲ್ಬಂ ಅಂತ ಬಿದ್ದಿದೆ. ಆಮೇಲೆ ಆ ಹೆಸರೂ ಇಲ್ಲ, ಮನುಷ್ಯನೂ ಇಲ್ಲ.”

“ರಿಹರ್ಸಲ್ ಅಂದ್ರೆ ನಂಬಿಬಿಟ್ರಾ? ಮೊದಲನೇ ಹಾಡು ಕೇಳಿದಾಗ ಗೊತ್ತಾಗ್ಲಿಲ್ವಾ?”

ಭಂಡಾರಿ ಬಗ್ಗಿ ಬಿದ್ದ ಸ್ಕ್ರೂ ಹುಡುಕತೊಡಗಿದ. ಗಾಯಕಿಯೇ ಮುಂದೆ ಬಂದಳು.

“ಬೇರೆ ಯಾರನ್ನೂ ವೇದಿಕೆ ಹತ್ತಿರ ಬಿಡದೇ ಇದ್ದಾಗ ನಿಮ್ಮನ್ನ ಬಿಟ್ಟಿದ್ದೆ. ಮೈಕ್ ಇಟ್ಕೊಳ್ಳಿ ಅಂದಿದ್ದೆ. ನಿಜ ಹೇಳಿ.”

“ಗೊತ್ತಾಯ್ತು ಮೇಡಂ.” ಅವನು ನೆಲ ನೋಡಿದ. “ಮೊದಲನೇ ಸಾಲಿಗೇ ಗೊತ್ತಾಯ್ತು. ನಿಲ್ಲಿಸಬೇಕಿತ್ತು. ಇಷ್ಟು ವರ್ಷ ಎಲ್ಲರಿಗೂ ಬುದ್ಧಿ ಹೇಳಿದೋನು ನಾನೇ. ಆದ್ರೆ ಎಲ್ಲರಿಗಿಂತ ಮೊದಲು ಕೇಳ್ತಿದ್ದೀನಿ ಅನ್ನೋ ಖುಷಿ ಇದ್ಯಲ್ಲ... ತಲೆ ನಿಲ್ಲಲಿಲ್ಲ. ಇನ್ನೊಂದು ಹಾಡು, ಇನ್ನೊಂದು ಹಾಡು ಅಂತ ಎಲ್ಲಾ ಕೇಳಿಬಿಟ್ಟೆ. ಕೇಳಿದ್ಮೇಲೆ ಆ ಗಲೀಜಿನ ಜತೆ ಹಾಗೇ ಬಿಡೋಕೆ ಮನಸ್ಸು ಬರ್ಲಿಲ್ಲ.”

ಗಾಯಕಿಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. ತನ್ನ ಹಾಡನ್ನು ಇಷ್ಟು ಪ್ರೀತಿಸುವವನಿಗೆ ಏನೆಂದು ಬೈಯುವುದು ಎಂದು ಅವಳಿಗೆ ತೋಚಲಿಲ್ಲ. ಅದೂ ಅವಳಿಗೆ ಸಿಟ್ಟು ತರಿಸಿತು.

“ನನ್ನ ಹೆಸರು ಕೊಡಿ,” ಎಂದ ಭಂಡಾರಿ. “ಪೊಲೀಸು, ಕೋರ್ಟು, ಏನಾದ್ರೂ ಆಗ್ಲಿ.”

“ಅವರಿಗೆ ಒಳಗಿನವರ ಹೆಸರು ಬೇಕು. ನಿಮ್ಮದು ಯಾವ ಉಪಯೋಗಕ್ಕೂ ಬರಲ್ಲ,” ಎಂದ ಪತ್ತೇದಾರ. “ಕಸ ಇಟ್ಟಿದ್ದೀರಾ?”

“ಏನು?”

“ತೆಗೆದ ಸದ್ದು. ನೀವು ಎಸೆಯೋರಲ್ಲವಂತೆ. ನನ್ನ ಹೆಂಡತಿ ಹೇಳಿದ್ಲು.”

ಭಂಡಾರಿ ಬೆಪ್ಪಾಗಿ ನೋಡಿದ. “ಇದೆ. ಆದ್ರೆ ಅದನ್ನ ಕೇಳಿಲ್ಲ ಸಾರ್. ಪರದೆ ಮೇಲೆ ಗೆರೆ ನೋಡ್ಕೊಂಡು ಹಾಡಲ್ಲದ್ದನ್ನೆಲ್ಲ ಬೇರೆ ಮಾಡಿ ಇಡ್ತೀನಿ, ಅಷ್ಟೇ. ಕಸ ಯಾರು ಕೇಳ್ತಾರೆ?”

“ನಾನು ಕೇಳ್ತೀನಿ. ನಂಗೆ ಹಾಡು ಅರ್ಥ ಆಗಲ್ಲ. ಕಸ ಆಗಬಹುದು.”

ಅಂಗಡಿಯ ಮೂಲೆಯಲ್ಲಿ ಕಂಪ್ಯೂಟರಿತ್ತು. ಭಂಡಾರಿ ಹುಡುಕಿ ಒತ್ತಿದ. ಸ್ಪೀಕರಿನಿಂದ ಮೊದಲು ಗುಂಯ್ ಎಂಬ ಎಂಜಿನ್ನಿನ ಸದ್ದು ಬಂತು. ದೂರದ ಹಾರ್ನು. ಸೀಟಿನ ಕಿರಕಿರ. ಆಮೇಲೆ...

ಟಕಟಕಟಕಟಕಟಕ.

ಪತ್ತೇದಾರ ಗಾಯಕಿಯ ಕಡೆ ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು.

“ನಮ್ಮ ಕಾರು,” ಎಂದಳು.

ಇಂಡಿಕೇಟರ್ ನಿಂತಿತು. ಆದರೆ ಇನ್ನೊಂದು ಸದ್ದು ಉಳಿಯಿತು. ಸಣ್ಣದು, ಹತ್ತಿರದ್ದು. ಟಕ್. ತುಸು ಬಿಟ್ಟು ಟಕ್, ಟಕ್. ಕಾರಿನದ್ದಲ್ಲ. ಇದನ್ನು ಇವತ್ತೇ ಎಲ್ಲೋ ಕೇಳಿದ್ದೇನೆ ಎಂದು ಪತ್ತೇದಾರನಿಗೆ ಬಲವಾಗಿ ಅನ್ನಿಸಿತು. ಎಲ್ಲಿ? ನಾಲಿಗೆ ತುದಿಗೆ ಬಂದು ಜಾರುತ್ತಿತ್ತು. ಅವನು ನಿಂತಲ್ಲಿ ನಿಲ್ಲಲಾರದೆ ಕನ್ನಡಕದ ಗೋಡೆಯ ಉದ್ದಕ್ಕೆ ಒಮ್ಮೆ ಹೋಗಿ ಬಂದ.

ಅಷ್ಟರಲ್ಲಿ ಆ ಕಸದೊಳಗಿಂದ ಯಾರೋ ಹಾಡಿದರು.

ಗುನುಗಿದ್ದು ಎನ್ನಬೇಕು. ಮೊದಲು ಅಂಜಿ ಅಂಜಿ, ಒಂದು ಸಾಲಿನ ತುದಿ ಮಾತ್ರ. ಆಮೇಲೆ ಧೈರ್ಯ ಬಂದು ಪೂರ್ತಿ ಸಾಲು. ಅದರಡಿಯ ಹಾಡನ್ನು ಭಂಡಾರಿ ಬೇರೆ ಮಾಡಿಟ್ಟಿದ್ದರಿಂದ ಆ ದನಿ ಒಂಟಿಯಾಗಿ ತೇಲುತ್ತಿತ್ತು. ಹೆಂಗಸಿನ ದನಿ. ರಾಗ ತಿಳಿಯದ ಪತ್ತೇದಾರನೂ ಸ್ಪೀಕರಿನ ಕಡೆಗೆ ಬಗ್ಗಿದ.

ಅವನು ದನಿ ಬಿಟ್ಟು ಮುಖ ನೋಡಿದ. ಗಾಯಕಿ ಬಿಳಿಚಿಕೊಂಡಿದ್ದಳು. ಸಿಕ್ಕಿಬಿದ್ದಳು ಎಂದುಕೊಂಡ. ತನ್ನ ಆಲ್ಬಂ ತಾನೇ ಸೋರಿಸಿ, ತಮ್ಮನ ತಲೆಗೆ ಕಟ್ಟಲು ತನ್ನನ್ನು ಕರೆಸಿದ್ದಾಳೆ ಎಂದುಕೊಂಡ. ಒಂದು ಕ್ಷಣ ಅವಳ ಮೇಲೆ ಅಸಹ್ಯವೂ ಹುಟ್ಟಿತು.

“ನಿಮ್ಮ ದನಿ,” ಎಂದ.

“ಅಲ್ಲ.” ಅವಳು ಮೇಜು ಹಿಡಿದುಕೊಂಡಳು. “ಕೆಳಗಿನ ಸ್ವರ ನೋಡಿ ಹೇಗೆ ಹಿಡಿದಿದೆ... ನಂಗೆ ಅಷ್ಟು ಕೆಳಗೆ ಹೋಗೋಕೆ ಬರಲ್ಲ. ಅಮ್ಮ. ಅಮ್ಮ ಹಾಡ್ತಿದ್ದಾಳೆ.”

ಭಂಡಾರಿ ಕುರ್ಚಿ ಇದೆಯೋ ಇಲ್ಲವೋ ನೋಡದೆ ಕುಳಿತ. ತಾಯಿಯ ಆ ಹಳೆಯ ಕ್ಯಾಸೆಟ್ಟು ಅವನ ಭಂಡಾರದ ಮೊದಲ ವಸ್ತು. ಅವರ ದನಿಯನ್ನು ಅವನು ಕಸವೆಂದು ಗುಡಿಸಿ ಮೂಲೆಗಿಟ್ಟಿದ್ದ.

“ಜೋಗುಳ ಕೂಡ ಹಾಡಿಲ್ಲ ನಮಗೆ,” ಎಂದಳು ಗಾಯಕಿ. ಅವಳಿಗೆ ಅಳು ಬಂತು, ತಡೆಯಲಿಲ್ಲ. “ಒಂದೇ ಒಂದು ದಿನ ಹಾಡಿಲ್ಲ.”

ಬಾಗಿಲು ತಳ್ಳಿಕೊಂಡು ಯಾರೋ ಬಂದರು.

“ಏಯ್, ಇನ್ನೂ ಎಷ್ಟು ಹೊತ್ತೇ? ಅಲ್ಲಿ ಗಾಡಿ ತೆಗೀರಿ ಅಂತ ಜೀವ ತಿಂತಿದ್ದಾರೆ...”

ತಾಯಿ ಅಲ್ಲೇ ನಿಂತರು. ಸ್ಪೀಕರಿನಲ್ಲಿ ಅವರದೇ ದನಿ ಸಾಲನ್ನು ಮುಗಿಸಿ, ಚೂರು ನಕ್ಕು, ಮತ್ತೆ ಶುರು ಮಾಡಿತು. ಭಂಡಾರಿ ಎದ್ದು ನಿಲ್ಲಿಸಲು ಹೋದ. ಅವಸರದಲ್ಲಿ ಅವನ ಕೈ ತಪ್ಪು ಗುಂಡಿಗೆ ಬಿತ್ತು. ದನಿ ಇನ್ನಷ್ಟು ಜೋರಾಯಿತು. ಪತ್ತೇದಾರ ಕೊನೆಗೆ ತಂತಿಯನ್ನೇ ಕಿತ್ತ.

“ನೀವೆಲ್ಲ ಇಳಿದು ಹೋದ್ಮೇಲೆ ಹಾಕ್ಕೊಳ್ತೀನಿ,” ಎಂದರು ತಾಯಿ. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ದನಿ. “ಕಿಟಕಿ ಏರಿಸಿ. ನಿನ್ನ ತಮ್ಮ ಒಂದ್ಸಲ ನೋಡಿಬಿಟ್ಟ. ನಿಂಗೆ ಹೇಳಬಾರದು ಅಂತ ಅವನ ಹತ್ರ ಮಾತು ತಗೊಂಡಿದ್ದೆ.”

ಅದಕ್ಕೇ ಅವನು ಬಾಯಿ ಬಿಡಲಿಲ್ಲ. ಸೋರಿದ ಹಾಡಿನ ಮಂಕು ಶಬ್ದ ಕೇಳಿದ ಕೂಡಲೇ ಕಾರಿನದ್ದೆಂದು ಊಹಿಸಿರಬೇಕು. ತಾಯಿಯ ಗುಟ್ಟು ಬಿಟ್ಟುಕೊಡುವ ಬದಲು ತನ್ನ ಹೆಸರು ಕೊಡು ಎಂದ. ಗಾಯಕಿ ಮುಖ ಮುಚ್ಚಿಕೊಂಡಳು.

“ದೊಡ್ಡಮ್ಮ,” ಎಂದ ಪತ್ತೇದಾರ ಮೆಲ್ಲಗೆ, “ನೀವು ಹಾಡಿದ್ರಿ, ಸರಿ. ಫೋನಲ್ಲಿ ಹಿಡಿದೋರು ಬೇರೆ. ನಿಮ್ಮ ಪಕ್ಕ ಯಾರು ಕೂತಿದ್ರು?”

ಉತ್ತರ ಬರುವ ಮೊದಲು ಗಾಯಕಿಯ ಫೋನು ಗುಣುಗುಟ್ಟಿತು. ಪರದೆಯ ಮೇಲೆ ಕಂಪನಿಯ ಯಜಮಾನರು. ಅವಳು ಕಣ್ಣೊರೆಸಿಕೊಂಡು ಸ್ಪೀಕರಿಗೆ ಹಾಕಿದಳು.

“ಏನು ಪುಟ್ಟಾ? ಬರ್ಕೊಳ್ಳೋಕೆ ಅಂತ ಪೆನ್ನು ಹಿಡಿದು ಕೂತಿದ್ದೀನಿ.”

ಟಕ್, ಟಕ್.

ಪತ್ತೇದಾರನ ನಾಲಿಗೆ ತುದಿಯಲ್ಲಿದ್ದದ್ದು ಈಗ ಪೂರ್ತಿ ಬಾಯಿಗೆ ಬಂತು. ಕೀಗೊಂಚಲಿನ ಸದ್ದು ಆಡಿಸುವವನಿಗೆ ಕೇಳುವುದಿಲ್ಲ. ಪೆನ್ನಿನದ್ದೂ ಅಷ್ಟೇ. ತಮಗೆ ಕೊಟ್ಟ ಪ್ರತಿಯಲ್ಲಿ ಗುರುತಿದೆ ಎಂದು ಗೊತ್ತಿದ್ದ ಯಜಮಾನರು ಕಾರಿನೊಳಗೆ ಕೂತು ಫೋನು ಹಿಡಿದಿದ್ದರು. ಹಿಡಿಯುತ್ತಲೇ ತಮ್ಮ ಗುರುತನ್ನು ತಾವೇ ಒತ್ತುತ್ತಿದ್ದರು.

ಅವನು ಬಾಯಿ ತೆರೆಯುವ ಮೊದಲೇ ತಾಯಿ ಮಗಳ ಕೈಯಿಂದ ಫೋನು ತೆಗೆದುಕೊಂಡರು. ಅವರ ಮುಖದಲ್ಲಿ ಈಗ ಮಗುವಿನ ಅಂಜಿಕೆ ಇರಲಿಲ್ಲ.

“ನಾನು ಮಾತಾಡ್ತಿದ್ದೀನಿ. ನನ್ನ ಮಗನ ಹೆಸರು ಬರೆಯೋಕೆ ಕೂತಿದ್ದೀರಲ್ಲ, ಅದನ್ನ ಬಿಡಿ. ಆವತ್ತು ನನ್ನ ಪಕ್ಕ ಕೂತು, ಹಾಡಿ ಹಾಡಿ ಅಂತ ಹಾಡಿಸಿ, ಫೋನು ತೊಡೆ ಮೇಲೆ ಇಟ್ಕೊಂಡಿದ್ರಲ್ಲ, ಅವರ ಹೆಸರು ಬರ್ಕೊಳ್ಳಿ. ಕಾಗುಣಿತ ನಾನು ಹೇಳಿಕೊಡಬೇಕಾಗಿಲ್ಲ, ಹುಟ್ಟಿದಾಗಿನಿಂದ ಬರೀತಿದ್ದೀರಿ.”

ಟಕ್ ಟಕ್ ನಿಂತಿತು.

ಗಾಯಕಿ ತಮ್ಮನಿಗೆ ಫೋನು ಮಾಡಲು ಪತ್ತೇದಾರನ ಫೋನಿಗೆ ಕೈಚಾಚಿದಳು. ಕೇಸು ಮುಗಿಯಿತು ಎಂದು ಪತ್ತೇದಾರನೂ ಅಂದುಕೊಂಡ.

ಆ ಕಡೆಯಿಂದ ಮಾತು ಬಂತು. ಬೆಣ್ಣೆ ಹಾಗೆಯೇ ಇತ್ತು, ಒಂದಿಷ್ಟೂ ಕರಗಿರಲಿಲ್ಲ.

“ಆಯ್ತು ತಾಯಿ, ಬರ್ಕೊಂಡೆ. ಈಗ ಇನ್ನೊಂದು ಮಾತನ್ನೂ ಮಗಳ ಮುಂದೆ ನೀವೇ ಹೇಳಿಬಿಡಿ. ಆವತ್ತು ಫೋನು ಮಾಡಿ, ಹಾಡು ನನ್ನ ಕೈಲಿದೆ, ನನ್ನ ಹಾಡಿನ ಹಾಗೆ ಇವಳದ್ದೂ ಊರೆಲ್ಲ ಕೇಳ್ಲಿ, ತಗೊಂಡು ಹೋಗಿ ಹಂಚಿ ಅಂತ ಕರೆದೋರು ಯಾರು? ನಾನಾ, ನೀವಾ?”

ಮಗಳ ಕೈ ಗಾಳಿಯಲ್ಲೇ ನಿಂತಿತು. ಅವಳು ತಾಯಿಯ ಕಡೆ ತಿರುಗಿದಳು.

ಹೊರಗೆ ಯಾರೋ ಕಾರು ತೆಗೀರಿ ಎಂದು ಹಾರ್ನು ಒತ್ತುತ್ತಲೇ ಇದ್ದರು. ತಾಯಿ ಕಾರಿನ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಬಾಗಿಲ ಕಡೆ ಹೆಜ್ಜೆ ಹಾಕಿದರು. ಇಲ್ಲ ಎಂದು ಮಾತ್ರ ಅವರು ಹೇಳಲಿಲ್ಲ.